ಹೋಳಿಗೆ ಉಂಡ ರಾತ್ರಿಯ ಕನಸು

ಇಂಡಿ, ರವಿವಾರ ನಸುಕು

ಯವ್ವಾ,

ಮಳೆ ಒಂದು ಸಲ ಮುಖ ತೋರಿಸಿ ಹೋಗಿದೆ. ಲಿಂಬಿ ಗಿಡ ಹೂ ಕಟ್ಟಿವೆ.

ನಿನ್ನ ಮೆಸೇಜು ರಾತ್ರಿ ಎರಡೂವರೆಗೆ ಬಂದಿತ್ತು, ನಾನು ನೋಡಿದ್ದು ಐದಕ್ಕೆ. ನಿನಗೆ ಬಿದ್ದ ಕನಸು ಓದಿದೆ: ಹಾಸ್ಟೆಲಿನಲ್ಲಿ ನಿನ್ನ ಟ್ರಂಕಿನಿಂದ ಇರುವೆಗಳು ಸಾಲುಗಟ್ಟಿ ಹೊರಟವು, ಒಂದೊಂದರ ಬಾಯಲ್ಲೂ ನಿನ್ನ ಗುಳಿಗೆಯ ಒಂದೊಂದು ಚೂರು. ಅವು ನೆಟ್ಟಗೆ ಹೋಗಿ ಮೆಸ್ಸಿನ ತಾಟುಗಳನ್ನು ಏರಿದವು, ಉಣ್ಣುತ್ತಿದ್ದ ಹುಡುಗಿಯರೆಲ್ಲ ಕೈ ನಿಲ್ಲಿಸಿ ನಿನ್ನನ್ನೇ ನೋಡಿದರು. ಕೊನೆಗೆ ಕೇಳಿದ್ದೀಯ: "ದೊಡ್ಡವ್ವ, ನನಗ ಹುಚ್ಚು ಹಿಡೀಲಿಕ್ಕತ್ತದೇನು? ಗುಳಿಗಿ ಬಿಟ್ಟುಬಿಡ್ಲೇನು?"

ಮೊದಲನೆಯದಕ್ಕೆ ಉತ್ತರ: ಹುಚ್ಚಲ್ಲ. ಎರಡನೆಯದಕ್ಕೆ: ಬಿಡಬ್ಯಾಡ. ಉಳಿದದ್ದನ್ನು ಮೊಬೈಲಿನಲ್ಲಿ ಕುಟ್ಟಲು ಬೆರಳು ಒಪ್ಪಲಿಲ್ಲ, ಅದಕ್ಕೇ ಈ ಕಾಗದ. ಮೂವತ್ತೇಳು ವರ್ಷ ಸಾಲಿ ಕಲಿಸಿದಾಕಿ ನಾನು. ಪೆನ್ನು ಹಿಡಿದರೆ ಪುಸ್ತಕದ ಕನ್ನಡವೇ ಬರುತ್ತದೆ, ನಗಬ್ಯಾಡ.

ನಿನ್ನ ದೊಡ್ಡಪ್ಪ ಲಿಂಬಿ ಹೇರಿಕೊಂಡು ಲಾರಿ ಹೊಡೆಯುತ್ತಿದ್ದರು. ಸೊಲ್ಲಾಪುರ, ಪುಣೆ, ಕೆಲವೊಮ್ಮೆ ಗೋವಾ. ತೀರಿಕೊಂಡದ್ದು 2004ರ ಬೇಸಿಗೆಯಲ್ಲಿ. ಅದೇ ವರ್ಷದ ಏಪ್ರಿಲ್ 1ರಂದು ಸರಕಾರ ಎಚ್‌ಐವಿಗೆ ಪುಕ್ಕಟೆ ಔಷಧಿ ಕೊಡಲು ಸುರು ಮಾಡಿತ್ತು, ಮೊದಲ ಆರು ರಾಜ್ಯಗಳಲ್ಲಿ ನಮ್ಮದೂ ಒಂದು. ಅದು ನಮ್ಮ ಓಣಿಗೆ ಮುಟ್ಟುವಷ್ಟರಲ್ಲಿ ಅವರನ್ನು ಮಣ್ಣು ಮಾಡಿ ಬಂದಿದ್ದೆವು. ನಾನು ಔಷಧಿ ಹಿಡಿದದ್ದು 2008ರಲ್ಲಿ. ಆಗಿನ ಸ್ಟಾವುಡಿನ್ ಎಂಬ ಗುಳಿಗೆಗೆ ಅಂಗಾಲು ಜುಮುಜುಮು ಅನ್ನುತ್ತಿತ್ತು, ಕೆನ್ನೆ ಬತ್ತುತ್ತಿತ್ತು. ಕನಸು ಮಾತ್ರ ಮೊದಲಿನಂತೆಯೇ ಇದ್ದವು: ತಪಾಸಣೆಗೆ ಸಾಹೇಬರು ಬಂದಂತೆ, ಹಾಜರಿ ಪುಸ್ತಕ ಕಳೆದಂತೆ.

ನಿಜವಾದ ಕನಸು ಬಿದ್ದದ್ದು 2014ರ ನಂತರ. ಆಗ ಗುಳಿಗೆ ಬದಲಾಯಿತು: ದಿನಕ್ಕೆ ಒಂದೇ ಗುಳಿಗೆ, ಅದರೊಳಗೆ ಮೂರು ಔಷಧಿ. ಅವುಗಳಲ್ಲಿ ಎಫಾವಿರೆಂಜ್ ಎಂಬುದು 600 ಮಿಲಿಗ್ರಾಂ. "ರಾತ್ರಿ ಮಲಗೂ ಮುಂದ ತಗೋರಿ ಟೀಚರ್, ತಲಿ ತಿರಗತದ, ಕನಸು ಬೀಳ್ತಾವ" ಎಂದು ಕೌನ್ಸೆಲರ್ ಹುಡುಗಿ ಮೊದಲೇ ಹೇಳಿದ್ದಳು. ಕನಸು ಯಾರಿಗೆ ಬೀಳೋದಿಲ್ಲ ಅಂತ ನಕ್ಕು ಬಂದಿದ್ದೆ.

ಯವ್ವಾ, ಅವು ಕನಸಲ್ಲ, ಬಯಲಾಟ. ವರ್ಗವಾಗಿ ವರ್ಗವಾಗಿ ನಾಲ್ಕು ತಾಲೂಕಿನ ನೀರು ಕುಡಿದವಳು ನಾನು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಕೊನೆಗೆ ತವರಿನ ಇಂಡಿ. ಆ ಗುಳಿಗೆ ನಾಲ್ಕನ್ನೂ ಕಲಸಿ ಒಂದೇ ಊರು ಮಾಡಿತು. ಭೀಮಾ ಹೊಳೆಯಲ್ಲಿ ಕಾಲಿಟ್ಟರೆ ಡೋಣಿ ಹೊಳೆಯ ಉಪ್ಪುನೀರು. ಸಿಂದಗಿಯ ಸಂತೆಯಲ್ಲಿ ಜೋಳ ಕೊಳ್ಳಲು ಹೋದರೆ ಚೀಲದ ತುಂಬ ಹಲ್ಲು. ಬಾಗೇವಾಡಿ ಕಡೆ ಇದ್ದಾಗ ನಾನು ಕಲಿಸುತ್ತಿದ್ದ ಹಳ್ಳಿ ಆಲಮಟ್ಟಿಯ ಹಿನ್ನೀರಿಗೆ ಹೋಗಿ, ಸಾಲಿಯನ್ನು ಎತ್ತರದ ಪುನರ್ವಸತಿ ಜಾಗಕ್ಕೆ ಒಯ್ದಿದ್ದರು. ಕನಸಿನಲ್ಲಿ ಹಳೆಯ ಸಾಲಿ ನೀರಿನ ತಳದಲ್ಲೇ ನಡೆಯುತ್ತಿತ್ತು. ಗಂಟೆ ಬಾರಿಸಿದರೆ ಗುಳ್ಳೆ ಏಳುತ್ತಿದ್ದವು, ಮಕ್ಕಳು ಬಾಯಿ ತೆರೆದು ಮಗ್ಗಿ ಹೇಳುತ್ತಿದ್ದವು, ಸಪ್ಪಳವಿಲ್ಲ. ಬಣ್ಣ ಎಂಥವು ಅಂತೀ! ಎಚ್ಚರದಲ್ಲಿ ಅಂಥ ಹಸಿರು ನಾನು ಕಂಡಿಲ್ಲ. ಚೆಂದವೂ ಇತ್ತು ಅಂತ ಒಪ್ಪಿಕೊಳ್ಳಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಗೋಳಗುಮ್ಮಟದ್ದು. ಸಾಲಿ ಟ್ರಿಪ್ಪಿಗೆ ಮಕ್ಕಳನ್ನು ಕರೆದೊಯ್ದಿದ್ದೇನೆ. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ, ಯಾರಿಗೂ ಕೇಳದಂತೆ ನನ್ನ ರೋಗದ ಹೆಸರು ಹೇಳುತ್ತೇನೆ. ಗುಮ್ಮಟ ಅದನ್ನು ಏಳು ಸಲ ಹೇಳುತ್ತದೆ. ಆಚೆ ಗೋಡೆಗೆ ಕಿವಿ ಹಚ್ಚಿ ಕೂತವರೆಲ್ಲ ನನ್ನ ಓಣಿಯವರು, ನನ್ನ ಹೆಡ್ಮಾಸ್ತರು, ನನ್ನ ಬೀಗರು.

ಅದು ಬಿದ್ದದ್ದು ಕಾರ ಹುಣ್ಣಿಮೆಯ ರಾತ್ರಿ. ಮರುದಿನ ಏಳಲಾಗಲಿಲ್ಲ, ನೆಲ ತೂಗುತ್ತಿತ್ತು. ಕನಸಿನಲ್ಲಿ ನಿನ್ನ ದೊಡ್ಡಪ್ಪನೂ ಬರುತ್ತಿದ್ದುದರಿಂದ ಹೆದರಿದ್ದೆ. ಪರಿಚಯದವರೊಬ್ಬರು ಹೇಳಿಕೆ ಹೇಳುವವನ ಹತ್ತಿರ ಕರೆದೊಯ್ದರು. "ಸತ್ತಾಂವ ಔಷಧದ ಹಾದ್ಯಾಗ ಬರಾಕತ್ತಾನ, ಹಾದಿ ಮುಚ್ಚು" ಅಂದ ಆತ. ಮುಚ್ಚಿದೆ. ಹನ್ನೊಂದು ದಿನ ಗುಳಿಗೆ ಮುಟ್ಟಲಿಲ್ಲ. ದಿಂಬಿನ ಕೆಳಗೆ ಕುಡಗೋಲು ಇಟ್ಟುಕೊಂಡು ಮಲಗಿದೆ. ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದವಳು! ಈಗಲೂ ನೆನೆದರೆ ಮೈ ಕುಗ್ಗುತ್ತದೆ.

ಕೊನೆಗೆ ದವಾಖಾನೆಗೆ ಹೋಗಿ ಎಲ್ಲ ಹೇಳಿದೆ. ಡಾಕ್ಟರು ಬಯ್ಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಹುಣ್ಣಿಮಿ ದಿನ ಏನು ಉಂಡಿದ್ರಿ?" ಹೋಳಿಗೆ, ಮೇಲೆ ತುಪ್ಪ, ಅದರ ಮೇಲೆ ಗುಳಿಗೆ. ಎಫಾವಿರೆಂಜಿಗೆ ಜಿಡ್ಡು ಸಿಕ್ಕರೆ ರಕ್ತಕ್ಕೆ ಹೆಚ್ಚು ಏರುತ್ತದಂತೆ, ಅಲ್ಲಿಂದ ಮಿದುಳಿಗೆ. ಕೆಲವರ ಮೈಯಲ್ಲಿ ಹುಟ್ಟಿನಿಂದಲೇ ಅದು ನಿಧಾನ ಕರಗುತ್ತದೆ, ಅಂಥವರಿಗೆ ಕಾಟ ಜಾಸ್ತಿ. ನನ್ನನ್ನು ಕಾಡಿದ ದೆವ್ವದ ಹೆಸರು ತುಪ್ಪ! ಆಮೇಲೆ ಡಾಕ್ಟರು ಚೀಟಿಯ ಹಿಂದೆ ಗೀಟು ಎಳೆದು ತೋರಿಸಿದರು. ಈ ಔಷಧಿ ಅರ್ಧ ಇಳಿಯಲು 40 ಗಂಟೆಗಿಂತ ಹೆಚ್ಚು ಬೇಕು. ಒಮ್ಮೆಲೇ ಬಿಟ್ಟರೆ ಜೊತೆಯವು ಬೇಗ ಇಳಿದು ಇದೊಂದೇ ರಕ್ತದಲ್ಲಿ ಉಳಿಯುತ್ತದೆ. ಒಂಟಿ ಕಾವಲುಗಾರನನ್ನು ವಂಚಿಸುವುದನ್ನು ವೈರಸ್ಸು ಕಲಿತುಬಿಡುತ್ತದೆ, ಆಮೇಲೆ ಆ ಔಷಧಿ ನಾಟುವುದಿಲ್ಲ. ನನ್ನ ಪುಣ್ಯ, ನನ್ನದು ಕಲಿತಿರಲಿಲ್ಲ. ಅಂದಿನಿಂದ ಏಳಕ್ಕೇ ಊಟ, ಬರೀ ರೊಟ್ಟಿ ಪಲ್ಯ, ಗುಳಿಗೆ ಹತ್ತಕ್ಕೆ. ಕನಸು ನಿಲ್ಲಲಿಲ್ಲ, ಗದ್ದಲ ತಗ್ಗಿತು.

ಈಗ ನಿನ್ನ ವಿಷಯ. ಮೂರು ತಿಂಗಳ ಹಿಂದೆ ನಿನ್ನ ಗುಳಿಗೆ ಬದಲಾಗಿ ಡೊಲುಟೆಗ್ರಾವಿರ್ ಬಂತಲ್ಲ, 50 ಮಿಲಿಗ್ರಾಮಿನದು, ಅದು ಒಳ್ಳೆಯ ಔಷಧಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆ ಮಾಡಿದ್ದು ಅದನ್ನೇ. ನನಗೂ ಈಗ ಅದೇ. ಅದಕ್ಕೆ ತುಪ್ಪದ ತಂಟೆಯಿಲ್ಲ. ಆದರೆ ಕೆಲವರಿಗೆ ನಿದ್ದೆ ಕೆಡಿಸುತ್ತದೆ, ಚಿತ್ರವಿಚಿತ್ರ ಕನಸು ಹಾಕುತ್ತದೆ. ಬರೆದಿಟ್ಟ ಅಡ್ಡಪರಿಣಾಮವೇ ಅದು, ನಿನ್ನ ತಲೆಯ ದೋಷವಲ್ಲ. ನೀನು ರೂಮಿನವರು ಮಲಗಿದ ಮೇಲೆ, ಹನ್ನೊಂದೂವರೆಗೆ, ಕತ್ತಲಲ್ಲಿ ನುಂಗುತ್ತಿದ್ದೀ. ಇಂಥ ಕನಸು ಬೀಳುವವರಿಗೆ ಬೆಳಗ್ಗೆಯೇ ತೆಗೆದುಕೊಳ್ಳಲು ಹೇಳುವುದು ರೂಢಿ. ಬರುವ ವಾರ ಔಷಧಿಗೆ ಹೋದಾಗ "ಮುಂಜಾನಿ ತಗೊಳ್ಳಲೇನು?" ಎಂದು ಕೇಳು, ಹೇಗೆ ಬದಲಿಸಬೇಕೆಂದು ಅವರೇ ಹೇಳುತ್ತಾರೆ. ಇನ್ನೊಂದು ಮಾತು, ಇದನ್ನು ಮುಚ್ಚಿಡಬ್ಯಾಡ: ಹಗಲಲ್ಲೂ ಮನಸ್ಸು ಕುಗ್ಗಿ ಬದುಕೇ ಬ್ಯಾಡ ಅನ್ನಿಸಿದರೆ ಆ ವಾರದವರೆಗೂ ಕಾಯದೆ ಅವತ್ತೇ ಡಾಕ್ಟರಿಗೆ ಹೇಳು, ನನಗೂ ಹೇಳು.

"ಮುಂಜಾನಿ ಅಂದ್ರ ಎಲ್ಲರೂ ನೋಡ್ತಾರ" ಅನ್ನುತ್ತೀ. ಗೊತ್ತು. ನಾನೂ ಸಾಲಿಯ ಸ್ಟಾಫ್ ರೂಮಿನಲ್ಲಿ ರಕ್ತ ಕಡಿಮೆಯ ಗುಳಿಗೆ ಅಂತ ಸುಳ್ಳು ಹೇಳಿ ಬದುಕಿದವಳೇ. ಬೇರೆ ಡಬ್ಬಿಯಲ್ಲಿ ಹಾಕಿಕೊಂಡು ಹಲ್ಲುಜ್ಜಲು ಹೋದಾಗ ನುಂಗು, ಒಂದು ನಿಮಿಷದ ಕೆಲಸ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಕಾನೂನು ಇದೆ: ನಿನ್ನ ರೋಗ ಯಾವುದು ಅಂತ ಹೇಳಲೇಬೇಕೆಂದು ವಾರ್ಡನ್ನೂ ಒತ್ತಾಯಿಸುವಂತಿಲ್ಲ, ಕಾಲೇಜಿನಲ್ಲಿ ಭೇದ ಮಾಡುವಂತಿಲ್ಲ. ನಿನ್ನ ಇರುವೆ, ನನ್ನ ಗುಮ್ಮಟ, ಎರಡರದೂ ಹೆದರಿಕೆ ಒಂದೇ ಅಂತ ನನಗನ್ನಿಸುತ್ತದೆ. ಬಣ್ಣ ಬಳಿಯುವುದು ಗುಳಿಗೆ. ಗೋಡೆ ನಮ್ಮದೇ. ಹಗಲೆಲ್ಲ ಬಾಯಿಗೆ ಬೀಗ ಹಾಕಿಕೊಂಡವಳು ರಾತ್ರಿ ಎಲ್ಲಿ ಮಾತಾಡಬೇಕು?

ನಮ್ಮ ಅಜ್ಜಿ ಕೆಟ್ಟ ಕನಸು ಬಿದ್ದರೆ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತು ಜೋಳ ಬೀಸುತ್ತ ಅದನ್ನೇ ರಾಗವಾಗಿ ಕಲ್ಲಿಗೆ ಹೇಳುತ್ತಿದ್ದಳು. ಇಲ್ಲೇ ಸಮೀಪದ ಹಲಸಂಗಿಯ ಗೆಳೆಯರು ಅಂಥ ಹೆಂಗಸರ ಹಾಡುಗಳನ್ನೇ ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಪುಸ್ತಕ ಮಾಡಿದ್ದು. ಕಲ್ಲು ಏನನ್ನೂ ತಿರುಗಿ ಹೇಳುತ್ತಿರಲಿಲ್ಲ, ಅದೇ ಅದರ ಗುಣ. ಈಗ ಮನೆಯಲ್ಲಿ ಬೀಸುವ ಕಲ್ಲಿಲ್ಲ, ನಾನಿದ್ದೇನೆ.

ಒಂದು ಗುಟ್ಟು. 2021ರಲ್ಲಿ ಗುಳಿಗೆ ಬದಲಾದ ಮೇಲೆ ನನ್ನ ಬಯಲಾಟ ನಿಂತೇಹೋಯಿತು. ನಿನಗೆ ಕಾಟ ಕೊಡುವ ಔಷಧಿಯೇ ನನಗೆ ಶಾಂತಿ ಕೊಟ್ಟಿತು, ಮೈ ಒಬ್ಬೊಬ್ಬರದು ಒಂದೊಂದು ನಮೂನೆ. ಕೆಲವು ವಾರ ಕಳೆದ ಮೇಲೆ ಲಕ್ಷ್ಯಕ್ಕೆ ಬಂತು, ನಿನ್ನ ದೊಡ್ಡಪ್ಪನೂ ಬರುವುದು ಬಿಟ್ಟಿದ್ದರು. ಏಳು ವರ್ಷ ಕನಸಿಗೆ ಬಂದರು ಅವರು, ಹೆಗಲ ಮೇಲೆ ಲಿಂಬಿ ಚೀಲ ಹೊತ್ತು. ಜೀವ ಇದ್ದಾಗ ಒಮ್ಮೆಯೂ ತಪ್ಪಾಯ್ತು ಅನ್ನಲಿಲ್ಲ. ಕನಸಿನಲ್ಲಾದರೂ ಅಂದಾರು ಅಂತ ಕಾದೆ. ಇಲ್ಲ, ಚಹಾ ಕೇಳುತ್ತಿದ್ದರು. ಆದರೂ ಬರುವುದು ನಿಂತಾಗ ಒಂದು ಸಂಜೆ ಕೂತು ಅತ್ತೆ.

ಅದಕ್ಕೇ ಹೇಳುವುದು, ಕನಸನ್ನು ಅಷ್ಟು ಬೈಯಬ್ಯಾಡ. ವಹಿಯಲ್ಲಿ ಬರೆದಿಡು, ನಾಗರ ಪಂಚಮಿಗೆ ಬರುವಾಗ ತಾ. ನಿನಗೆ ಉಂಡಿ ಮಾಡಿಡುತ್ತೇನೆ, ನಿನ್ನ ಗುಳಿಗೆಗೆ ತುಪ್ಪದ ಅಂಜಿಕೆಯಿಲ್ಲವಲ್ಲ. ಅಲ್ಲಿಯತನಕ ರಾತ್ರಿ ಎಷ್ಟೊತ್ತಿಗಾದರೂ ಎಚ್ಚರವಾದರೆ ಮೆಸೇಜು ಬ್ಯಾಡ, ಫೋನೇ ಮಾಡು. ಮುದುಕರಿಗೆ ನಿದ್ದೆ ಕಡಿಮೆ, ನಾನು ಎದ್ದೇ ಇರುತ್ತೇನೆ.

ನಿನ್ನ
ದೊಡ್ಡವ್ವ