ಖಿನ್ನತೆಗೆ ಔಷಧಿ ಚೀಟಿಯಷ್ಟೇ ಸಾಲದು, ಸಿಸ್ಟರ್ ಜೊತೆಗಿರಲಿ

‘ಮೈಕೈ ನೋವು, ಸುಸ್ತು, ರಾತ್ರಿ ನಿದ್ದೆ ಇಲ್ಲ. ಒಂದು ಗ್ಲೂಕೋಸ್ ಹಾಕಿಬಿಡಿ ಸಿಸ್ಟರ್.’ ಆಸ್ಪತ್ರೆಗೆ ಖಿನ್ನತೆ ಬರುವುದು ಹೆಚ್ಚಾಗಿ ಈ ವೇಷದಲ್ಲೇ. ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಚಿಕಿತ್ಸೆ ಶುರು ಮಾಡಿದವರಲ್ಲೂ ಎಷ್ಟೋ ಜನ ಗುಣ ಕಾಣುವ ಮೊದಲೇ ಮಾತ್ರೆ ಬಿಟ್ಟುಬಿಡುತ್ತಾರೆ.

ಇಲ್ಲಿ ಕೈಹಿಡಿಯುವುದು ತಂಡದ ಆರೈಕೆ. ವೈದ್ಯರು ರೋಗ ಗುರುತಿಸಿ ಔಷಧಿ ಬರೆಯುತ್ತಾರೆ. ನರ್ಸ್ ಅಥವಾ ಆಪ್ತಸಮಾಲೋಚಕರು ರೋಗಿಯ ಬೆನ್ನಿಗೆ ನಿಂತು ವಿಚಾರಿಸುತ್ತಿರುತ್ತಾರೆ. ಗುಣ ಕಾಣದಿದ್ದರೆ ಮನೋವೈದ್ಯರ ಸಲಹೆ ಪಡೆಯುತ್ತಾರೆ. ಅಮೆರಿಕದಲ್ಲಿ 1,801 ಹಿರಿಯ ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ‘ಇಂಪ್ಯಾಕ್ಟ್’ ಅಧ್ಯಯನದಲ್ಲಿ, ಇಂಥ ಆರೈಕೆ ಪಡೆದವರಲ್ಲಿ ಶೇ 45ರಷ್ಟು ಮಂದಿಯ ಲಕ್ಷಣಗಳು ವರ್ಷದ ಹೊತ್ತಿಗೆ ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದವು. ಮಾಮೂಲಿ ಚಿಕಿತ್ಸೆಯಲ್ಲಿ ಈ ಪ್ರಮಾಣ ಶೇ 19. ಈ ಆರೈಕೆಯನ್ನು ನೀವು ಪಡೆಯುವುದು ಹೇಗೆ?

1. ಹತ್ತಿರದಲ್ಲೇ ಶುರು ಮಾಡಿ
ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋಗಿ. ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಅನೇಕರು ನರ್ಸಿಂಗ್ ಓದಿದವರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರ ಜೊತೆ ನರ್ಸ್ ಕೂಡ ಇರಬೇಕು. ‘ಮನೋಚೈತನ್ಯ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್‌ಗಳಿವೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ.

2. ಒಂಬತ್ತು ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರಿಸಿ
ಬಿ.ಪಿ. ನೋಡುತ್ತಲೇ ಸಿಸ್ಟರ್ ಕೇಳಬಹುದು: ‘ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸ್ತಿದೆಯಾ? ಎಷ್ಟು ದಿನ ಹಾಗನ್ನಿಸಿತು?’ ಇದು ಪಿಎಚ್‌ಕ್ಯೂ–9 ಎಂಬ ಪ್ರಶ್ನಾವಳಿ. ಪ್ರತಿ ಉತ್ತರಕ್ಕೆ 0ಯಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಹೆಚ್ಚು ಬಂದರೆ ವೈದ್ಯರ ತಪಾಸಣೆ ಬೇಕೇ ಬೇಕು. ಥೈರಾಯ್ಡ್ ತೊಂದರೆ, ರಕ್ತಹೀನತೆಯಲ್ಲೂ ಸುಸ್ತು, ಮಂಕು ಇರುವುದರಿಂದ ಅಂಕ ನೋಡಿಯೇ ಖಿನ್ನತೆ ಎಂದು ತೀರ್ಮಾನಿಸುವಂತಿಲ್ಲ.

3. ಹೊರಡುವ ಮುನ್ನ ಮೂರು ಸಂಗತಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ
ನನ್ನನ್ನು ವಿಚಾರಿಸಿಕೊಳ್ಳುವವರು ಯಾರು? ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಲಿ? ಮುಂದಿನ ಭೇಟಿ ಎಂದು? ಇದು ತಿಳಿಯದಿದ್ದರೆ ಚಿಕಿತ್ಸೆ ನಡುವೆಯೇ ಕೈತಪ್ಪಬಹುದು. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಊರಿಗೆಲ್ಲ ಗೊತ್ತಾದೀತು ಎಂಬ ಅಳುಕಿದ್ದರೆ, ‘ಫೋನ್ ಮಾಡಿದರೆ ಸಾಕು’ ಎಂದು ಹೇಳಿ. ರೋಗಿಯ ವಿಷಯ ಗುಟ್ಟಾಗಿರಬೇಕು ಎನ್ನುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕು.

4. ಮೊದಲ ಎರಡು ವಾರ ದಾಟಿ
ಖಿನ್ನತೆಯ ಮಾತ್ರೆಗಳು ತಲೆನೋವಿನ ಮಾತ್ರೆಯ ಹಾಗಲ್ಲ. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ವಾಕರಿಕೆ, ತಲೆನೋವು, ಹೊಟ್ಟೆ ತೊಳಸುವುದು ಮಾತ್ರ ಮೊದಲ ವಾರವೇ ಬಂದುಬಿಡಬಹುದು. ‘ಇದು ನನಗೆ ಆಗಿಬರಲ್ಲ’ ಎಂದು ಕೈಬಿಡುವುದು ಆಗಲೇ. ಹೆಚ್ಚಿನವರಲ್ಲಿ ಈ ಕಿರಿಕಿರಿ ಒಂದೆರಡು ವಾರದಲ್ಲಿ ತಗ್ಗುತ್ತದೆ. ಚಡಪಡಿಕೆ, ಸಾಯುವ ಯೋಚನೆ ಹೆಚ್ಚಿದರೆ, ಅದರಲ್ಲೂ ಇಪ್ಪತ್ತೈದರೊಳಗಿನವರಲ್ಲಿ, ಅಂದೇ ವೈದ್ಯರಿಗೆ ತಿಳಿಸಿ.

ನುರಿತ ನರ್ಸ್ ಫೋನ್ ಮಾಡಿದಾಗ ‘ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?’ ಎಂದು ಕೇಳುವುದಿಲ್ಲ. ಅದಕ್ಕೆ ಎಲ್ಲರೂ ‘ಹೂಂ’ ಎನ್ನುವವರೇ. ‘ಈ ವಾರ ಎಷ್ಟು ದಿನ ತಪ್ಪಿತು ಅಮ್ಮಾ?’ ಎನ್ನುತ್ತಾರೆ. ತಪ್ಪಿದ್ದನ್ನು ಹೇಳಲು ಅಳುಕಬೇಡಿ. ಮಾತ್ರೆಯ ಹೊತ್ತು ಬದಲಿಸಬೇಕೋ, ಪ್ರಮಾಣ ತಗ್ಗಿಸಬೇಕೋ ಎಂದು ವೈದ್ಯರನ್ನು ಕೇಳಲು ಅವರಿಗೆ ಅದೇ ಆಧಾರ.

5. ಅಂಕ ಬರೆದಿಡಿ
ಎರಡರಿಂದ ನಾಲ್ಕು ವಾರಕ್ಕೊಮ್ಮೆ ಅದೇ ಒಂಬತ್ತು ಪ್ರಶ್ನೆ, ಅದೇ ನೋಟ್‌ಬುಕ್. ಮೊದಲಿದ್ದ 18 ಅಂಕ 9ಕ್ಕೆ ಇಳಿದರೆ ಔಷಧಿ ಹಿಡಿಸುತ್ತಿದೆ ಎಂದರ್ಥ. ಐದಕ್ಕಿಂತ ಕೆಳಗೆ ತರುವುದು ಗುರಿ. ಸರಿಯಾಗಿ ಮಾತ್ರೆ ತೆಗೆದುಕೊಂಡೂ ಎಂಟು ವಾರವಾದರೂ ಅಂಕ ಅಲುಗದಿದ್ದರೆ ಅದೇ ಚೀಟಿಯನ್ನು ಮತ್ತೆ ಬರೆಸಿಕೊಂಡು ಬರಬೇಡಿ. ಮನೋವೈದ್ಯರ ಬಳಿಗೆ ಕಳಿಸಲು ಕೇಳಿ.

6. ಒಂದು ಸಣ್ಣ ಕೆಲಸ ಹಚ್ಚಿಕೊಳ್ಳಿ
‘ಮನಸ್ಸು ಸರಿಹೋದ ಮೇಲೆ ಮಾಡ್ತೀನಿ’ ಎಂದು ಕಾದರೆ ಖಿನ್ನತೆ ಬೇರೂರುತ್ತದೆ. ಸಿಸ್ಟರ್ ಜೊತೆ ಕೂತು ವಾರಕ್ಕೊಂದು ಕೆಲಸ ಗೊತ್ತುಮಾಡಿ. ‘ದಿನಾ ವಾಕಿಂಗ್’ ಎಂದು ಮೊಗಮ್ಮಾಗಿ ಬರೆಯುವ ಬದಲು ‘ಸೋಮವಾರ, ಗುರುವಾರ ಬೆಳಿಗ್ಗೆ ಏಳಕ್ಕೆ ಹಾಲಿನ ಡೇರಿವರೆಗೆ ನಡಿಗೆ’ ಎಂದು ಬರೆಯಿರಿ. ಮನೆಯವರು ಒಬ್ಬರು ಜೊತೆಗೆ ಹೆಜ್ಜೆ ಹಾಕಲಿ. ‘ಮನಸ್ಸು ಗಟ್ಟಿ ಮಾಡ್ಕೋ’ ಎಂಬ ಉಪದೇಶ ಬೇಡ.

7. ಅಪಾಯದ ಸುಳಿವಿಗೆ ತಡಮಾಡಬೇಡಿ
‘ನಾನಿಲ್ಲದಿದ್ದರೇ ಎಲ್ಲರಿಗೂ ಆರಾಮ’ ಎಂಬಂಥ ಮಾತು ಕಿವಿಗೆ ಬಿದ್ದರೆ ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಕೀಟನಾಶಕ, ಮಿಕ್ಕ ಮಾತ್ರೆಗಳನ್ನು ಬೀಗದೊಳಗಿಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ–ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲೂ ಲಭ್ಯ. ತುರ್ತಿಗೆ 108.

8. ಗುಣವಾಯಿತೆಂದು ಮಾತ್ರೆ ನಿಲ್ಲಿಸಬೇಡಿ
ಲಕ್ಷಣಗಳು ಹೋದ ಮೇಲೂ ಸಾಮಾನ್ಯವಾಗಿ 6ರಿಂದ 12 ತಿಂಗಳು ಔಷಧಿ ಮುಂದುವರಿಯುತ್ತದೆ. ನಿಲ್ಲಿಸುವಾಗಲೂ ವೈದ್ಯರು ಹಂತಹಂತವಾಗಿ ತಗ್ಗಿಸುತ್ತಾರೆ. ನಿಮ್ಮಲ್ಲಿ ಖಿನ್ನತೆ ಮೊದಲು ಹೇಗೆ ತಲೆಯೆತ್ತಿತು ಎಂಬುದನ್ನು ಸಿಸ್ಟರ್ ಜೊತೆ ಕೂತು ಅದೇ ನೋಟ್‌ಬುಕ್ಕಿನಲ್ಲಿ ಪಟ್ಟಿಮಾಡಿ: ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಬೇಡವಾಗುವುದು, ಫೋನ್ ಎತ್ತದಿರುವುದು. ಅವುಗಳಲ್ಲಿ ಎರಡು ಮರುಕಳಿಸಿದರೂ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಸಿಸ್ಟರ್‌ಗೆ ಫೋನ್ ಮಾಡಿ.