ಹಣ ಹೂಡಿ, ಸ್ವಉದ್ಯೋಗ ಮಾಡಿ ವಿದೇಶಕ್ಕೆ: ಸಂಘದಲ್ಲಿ ಸಾಲ ಕೇಳುವ ಮೊದಲು



ವಿದೇಶದ ಮಾತು ನಮ್ಮ ಕರಾವಳಿಗೆ ಹೊಸತಲ್ಲ. ಗಲ್ಫಿನ ಸಂಬಳದಲ್ಲಿ ಎದ್ದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಬೇಕಾದಷ್ಟು ಉಂಟು. ಆದರೆ ಸಂಬಳದ ಕೆಲಸಕ್ಕೆ ಹೋಗಿ ಬರುವುದು ಬೇರೆ, ಹಣ ಹೂಡುತ್ತೇನೆ ಅಥವಾ ಸ್ವಂತ ಉದ್ಯೋಗ ಮಾಡುತ್ತೇನೆ ಎಂದು ಅಲ್ಲಿಯೇ ಖಾಯಂ ನೆಲೆಸಲು ಅರ್ಜಿ ಹಾಕುವುದು ಬೇರೆ. "ನಿಮ್ಮ ಮಗಳಿಗೆ ಹೊಲಿಗೆ ಬರ್ತದಲ್ಲ, ಸ್ವಉದ್ಯೋಗ ವೀಸಾದಲ್ಲಿ ಕೆನಡಾಕ್ಕೆ ಕಳಿಸುವ, ಐದಾರು ಲಕ್ಷ ಹೊಂದಿಸಿ" ಅಂತ ಒಬ್ಬ ಏಜೆಂಟ್ ಹೇಳಿದ ಎಂದಿಟ್ಟುಕೊಳ್ಳಿ. ಆ ತಾಯಿ ಸಾಲ ಕೇಳಿಕೊಂಡು ಮೊದಲು ಬರುವುದು ಸಂಘದ ಸಭೆಗೇ. ಅವರಿಗೆ ಏನು ಹೇಳುವುದು? ಕೆನಡಾವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಸ್ವಉದ್ಯೋಗ ಅಂದ ಕೂಡಲೇ ನಮಗೆ ಹೊಲಿಗೆ, ಬ್ಯೂಟಿ ಪಾರ್ಲರ್, ಉಪ್ಪಿನಕಾಯಿ, ಮಲ್ಲಿಗೆ ಕೃಷಿ ನೆನಪಾಗುತ್ತದೆ. ಕೆನಡಾ ಸರಕಾರದ ಸ್ವಉದ್ಯೋಗಿಗಳ ಯೋಜನೆಯಲ್ಲಿ ಆ ಶಬ್ದಕ್ಕೆ ಅಷ್ಟು ವಿಶಾಲ ಅರ್ಥ ಇಲ್ಲ. ಕಲೆ-ಸಂಸ್ಕೃತಿ ಮತ್ತು ಕ್ರೀಡೆ, ಈ ಎರಡೇ ಕ್ಷೇತ್ರ. ಕೃಷಿ ನಿರ್ವಹಣೆಯೂ ಮೊದಲು ಇತ್ತು, 2018ರಲ್ಲಿ ಅದನ್ನು ತೆಗೆದರು. ಊರಿನ ಅಂಗಡಿಯಲ್ಲಿ ರವಕೆ ಹೊಲಿಯುವುದು ಇದರಲ್ಲಿ ಬರುವುದಿಲ್ಲ. ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷ ಆ ಕ್ಷೇತ್ರದಲ್ಲಿ ಸ್ವಂತವಾಗಿ ದುಡಿದಿರಬೇಕು, ಇಲ್ಲವೇ ಅಂತರರಾಷ್ಟ್ರೀಯ ಮಟ್ಟದಲ್ಲಿ ಭಾಗವಹಿಸಿರಬೇಕು. ಆಮೇಲೆ ಅಂಕಗಳ ಲೆಕ್ಕ: ಅನುಭವಕ್ಕೆ 35, ವಿದ್ಯೆಗೆ 25, ಇಂಗ್ಲಿಷ್ ಅಥವಾ ಫ್ರೆಂಚ್ ಭಾಷೆಗೆ 24, ವಯಸ್ಸಿಗೆ 10, ಹೊಂದಿಕೊಳ್ಳುವ ಅನುಕೂಲಗಳಿಗೆ 6. ಒಟ್ಟು ನೂರರಲ್ಲಿ ಕನಿಷ್ಠ 35 ಬರಬೇಕು.

ಇಷ್ಟೆಲ್ಲ ಇದ್ದವರಿಗೂ 2024ರ ಏಪ್ರಿಲ್ 30ರಂದು ಬಾಗಿಲು ಹಾಕಿದರು. ಹಳೆಯ ಅರ್ಜಿಗಳೇ ರಾಶಿ ಬಿದ್ದಿದ್ದವು. ಹೊಸ ಅರ್ಜಿ 2027ರ ಜನವರಿ ತನಕ ತೆಗೆದುಕೊಳ್ಳುವುದಿಲ್ಲ ಅಂತ ಆಗ ಪ್ರಕಟಿಸಿದ್ದರು. ಈಗಲೇ ಫೈಲು ಹಾಕುವ ಎಂದು ಅವಸರ ಮಾಡುವವರಿಗೆ ಈ ದಿನಾಂಕ ತೋರಿಸಿ, ಏನು ಹೇಳ್ತಾರೆ ನೋಡಿ.

ಇನ್ನು ಹಣ ಹೂಡುವ ದಾರಿ. ಕೆನಡಾದ ಕೇಂದ್ರ ಸರಕಾರ ಹೂಡಿಕೆದಾರರ ಯೋಜನೆಯನ್ನು 2014ರಲ್ಲೇ ರದ್ದು ಮಾಡಿತು. ಅದು ಇದ್ದ ಕೊನೆಯ ವರ್ಷಗಳಲ್ಲಿ 16 ಲಕ್ಷ ಡಾಲರಿನ ಆಸ್ತಿ ತೋರಿಸಿ 8 ಲಕ್ಷ ಡಾಲರ್ ಕೊಡಬೇಕಿತ್ತು. ಒಂದು ಕೆನಡಾ ಡಾಲರಿಗೆ ಬರೇ 60 ರೂಪಾಯಿ ಹಿಡಿದರೂ ನಾಲ್ಕು ಕೋಟಿ 80 ಲಕ್ಷ! ಅಮೆರಿಕದ ಹೂಡಿಕೆ ವೀಸಾಕ್ಕೆ 2022ರ ಕಾನೂನು ಗೊತ್ತುಮಾಡಿದ ಮೊತ್ತ ಹಿಂದುಳಿದ ಪ್ರದೇಶದಲ್ಲಿ 8 ಲಕ್ಷ, ಉಳಿದ ಕಡೆ 10 ಲಕ್ಷದ 50 ಸಾವಿರ ಅಮೆರಿಕನ್ ಡಾಲರ್. ಅದರಿಂದ ಅಲ್ಲಿನ ಹತ್ತು ಜನರಿಗೆ ಪೂರ್ಣಾವಧಿ ಕೆಲಸ ಸಿಗಬೇಕು. ಹಣ ಎಲ್ಲಿಂದ ಬಂತು ಎನ್ನುವುದಕ್ಕೂ ದಾಖಲೆ ಕೊಡಬೇಕು. ಐದಾರು ಲಕ್ಷ ರೂಪಾಯಿಯಲ್ಲಿ ಹೂಡಿಕೆ ವೀಸಾ ಅಂತ ಯಾರಾದರೂ ಹೇಳಿದರೆ ಆ ಹಣ ಹೂಡಿಕೆಗಲ್ಲ, ಹೇಳಿದವರ ಕಿಸೆಗೆ.

ನಮಗೆ ಹೆಚ್ಚು ಹೆದರಿಕೆ ಇರುವುದು ಇನ್ನೊಂದು ವಿಷಯದಲ್ಲಿ. "ಡ್ಯಾನ್ಸ್ ಟೀಚರ್ ಅಂತ ಒಂದು ಸರ್ಟಿಫಿಕೇಟ್ ಮಾಡಿಸುವ" ಎನ್ನುವವರು ಇದ್ದಾರೆ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಕೆನಡಾ ಐದು ವರ್ಷ ಬಾಗಿಲು ಮುಚ್ಚುತ್ತದೆ. ಆ ಶಿಕ್ಷೆ ಬೀಳುವುದು ಅರ್ಜಿಗೆ ಸಹಿ ಹಾಕಿದ ಮಗಳ ಮೇಲೆ. ಮುಂದೆ ಅವಳು ನರ್ಸಿಂಗ್ ಕಲಿತು ಸರಿಯಾದ ದಾರಿಯಲ್ಲಿ ಹೋಗುವ ಅಂದರೂ ಈ ಕಪ್ಪುಚುಕ್ಕೆ ಎದುರು ಬರ್ತದೆ. ಸಂದರ್ಶಕ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿದರಾಯಿತು ಎನ್ನುವುದೂ ಹಾಗೆಯೇ. ಅಲ್ಲಿದ್ದುಕೊಂಡೇ ಕೆಲಸದ ಪರವಾನಗಿ ಕೇಳಲು ಸಂದರ್ಶಕರಿಗೆ ಕೊಟ್ಟಿದ್ದ ತಾತ್ಕಾಲಿಕ ಅವಕಾಶವನ್ನು 2024ರ ಆಗಸ್ಟಿನಲ್ಲಿ ನಿಲ್ಲಿಸಿದ್ದಾರೆ.

ವಿಚಾರಿಸುವುದು ಕಷ್ಟ ಅಲ್ಲ. ಅರ್ಜಿ ನಮೂನೆಗಳು ಕೆನಡಾ ಸರಕಾರದ ಜಾಲತಾಣದಲ್ಲಿ ಉಚಿತ. ಏಜೆಂಟರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮ ಇಲ್ಲ. ಫೀಸು ತೆಗೆದುಕೊಂಡು ಅರ್ಜಿ ನಡೆಸುವವರು ಅಲ್ಲಿನ ವಕೀಲರಾಗಿರಬೇಕು, ಇಲ್ಲವೇ ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನ ಪರವಾನಗಿ ಪಡೆದವರಾಗಿರಬೇಕು. ಪರವಾನಗಿ ನಂಬರು ಕೇಳಿ, ಆ ಕಾಲೇಜಿನ ಜಾಲತಾಣದ ಪಟ್ಟಿಯಲ್ಲಿ ಹೆಸರು ಉಂಟಾ ನೋಡಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಐದು ನಿಮಿಷದ ಕೆಲಸ. ನಮ್ಮ ದೇಶದಿಂದ ಸಂಬಳದ ಕೆಲಸಕ್ಕೆ ಜನ ಕಳಿಸುವ ಏಜೆಂಟರಿಗೆ 1983ರ ವಲಸೆ ಕಾಯ್ದೆಯ ಪ್ರಕಾರ ಕೇಂದ್ರ ಸರಕಾರದ ಲೈಸೆನ್ಸ್ ಬೇಕು. ಆ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿ ಉಂಟು.

ದನ ತೆಗೆಯಲು ಸಾಲ ಕೊಟ್ಟರೆ ಡಿಪೋಗೆ ಹಾಕಿದ ಹಾಲಿನ ದುಡ್ಡಿನಿಂದ ಕಂತು ಬರ್ತದೆ. ಏಜೆಂಟರ ಫೀಸಿಗೆ ಕೊಟ್ಟ ಸಾಲಕ್ಕೆ ವೀಸಾ ಸಿಗದಿದ್ದರೆ ಕಂತು ಎಲ್ಲಿಂದ? ಅಡವಿಟ್ಟ ಕರಿಮಣಿ ಬಿಡಿಸುವವರು ಯಾರು? ಹಾಗಾಗಿ ಇಂಥ ಅರ್ಜಿ ಬಂದಾಗ ಯೋಜನೆಯ ಪೂರ್ತಿ ಹೆಸರು, ಅದು ಈಗ ತೆರೆದಿದೆ ಎನ್ನುವ ಸರಕಾರಿ ಪುಟದ ಪ್ರತಿ, ಸಲಹೆಗಾರರ ಪರವಾನಗಿ ನಂಬರು, ಫೀಸು ಕೊಟ್ಟದ್ದಕ್ಕೆ ರಶೀದಿ, ವೀಸಾ ಆಗದಿದ್ದರೆ ಎಷ್ಟು ವಾಪಸು ಎಂಬ ಬರಹ, ಇವಿಷ್ಟನ್ನು ಕೇಳಿ ನಡಾವಳಿ ಪುಸ್ತಕದಲ್ಲಿ ಬರೆದಿಡಿ.

ಸಭೆಯಲ್ಲಿ ಚರ್ಚೆಗೆ: ನಮ್ಮ ಸಂಘದಲ್ಲಿ ವಿದೇಶದ ಖರ್ಚಿಗೆಂದು ಈ ತನಕ ಎಷ್ಟು ಸಾಲ ಹೋಗಿದೆ? ಅದರಲ್ಲಿ ಎಷ್ಟು ತೀರಿದೆ? ಲೆಕ್ಕಪುಸ್ತಕ ತೆರೆದು ನೋಡಿ.