ಸೇವಾ ಭವನದ ಮುಂದೆ ಹಾದುಹೋಗುವವರಿಗೆ

ಊರಿನಿಂದ ಓದಲು ಬಂದ ಹುಡುಗ ಹುಡುಗಿಯರು ಆರ್.ಕೆ.ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಸಿಕ್ಕಾಗ ಎರಡು ಪ್ರಶ್ನೆ ಕೇಳುತ್ತಾರೆ. ಅನ್ನ-ಸಾರು ಎಲ್ಲಿ ಸಿಗುತ್ತದೆ? ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ತಗೊಂಡರೆ ಅಂಕ ಬರುತ್ತದಾ? ಮೊದಲನೆಯದಕ್ಕೆ ಉತ್ತರ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಎರಡನೆಯದಕ್ಕೆ ನಾನು ತುಸು ಉದ್ದಕ್ಕೇ ಮಾತಾಡುತ್ತೇನೆ, ಸಹಿಸಿಕೊಳ್ಳಿ. ಕೇಂದ್ರ ಸರ್ಕಾರದ ಕಡತಗಳ ನಡುವೆ ತಲೆ ನರೆಸಿಕೊಂಡು ನಿವೃತ್ತನಾದವನಿಗೆ ಕೇಳುವ ಕಿವಿ ಸಿಗುವುದೇ ಅಪರೂಪ.

ಅಂಕದ ಮಾತು ಬೇಗ ಮುಗಿಸೋಣ. ಯುಪಿಎಸ್‌ಸಿ ಈ ವಿಷಯವನ್ನು ಐಚ್ಛಿಕಗಳ ಪಟ್ಟಿಗೆ ಸೇರಿಸಿದ್ದು 1987ರಲ್ಲಿ. 2013ರಿಂದ ಎರಡರ ಬದಲು ಒಂದೇ ಐಚ್ಛಿಕ ವಿಷಯ ಎಂದಾಯಿತು, ಕೋಚಿಂಗ್‌ನವರ ಲೆಕ್ಕಾಚಾರವೂ ತಿರುಗಿತು. ನಾಳೆ ಇನ್ನೊಂದು ನಿಯಮ ಬರಬಹುದು. ಬೇರೆಯವರ ಕೈಯಲ್ಲಿರುವ ಪ್ರಶ್ನೆಪತ್ರಿಕೆಯನ್ನು ನಂಬಿ ವಿಶ್ವವಿದ್ಯಾಲಯದ ಎರಡು ವರ್ಷ ಒತ್ತೆ ಇಡಬೇಡಿ.

ಈಗ ಬಡಾವಣೆಯನ್ನೇ ಒಮ್ಮೆ ನೋಡಿ. ಸರ್ಕಾರಿ ನೌಕರರಿಗೆಂದೇ ಕಟ್ಟಿದ ಊರಿದು. ಕ್ವಾರ್ಟರ್ಸ್‌ಗಳ ನಡುನಡುವೆ ಕಚೇರಿಗಳಿವೆ. ಅವುಗಳಲ್ಲಿ ಸೇವಾ ಭವನ ಒಂದು, ಕೇಂದ್ರ ಜಲ ಆಯೋಗ ಇರುವುದು ಅಲ್ಲಿ. ಮಂಡ್ಯದ ಹುಡುಗರೂ ದಿನವೂ ಅದರ ಮುಂದೆ ಹಾದುಹೋಗುತ್ತಾರೆ, ತಲೆ ಎತ್ತಿ ನೋಡುವುದಿಲ್ಲ. ಕಾವೇರಿಯ ತೀರ್ಪು 2018ರ ಫೆಬ್ರವರಿ 16ರಂದು ಬಂತು. ಕರ್ನಾಟಕಕ್ಕೆ 284.75 ಟಿಎಂಸಿ, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ್ದು 177.25. ಇಷ್ಟನ್ನು ನೀವು ಬಾಯಿಪಾಠ ಒಪ್ಪಿಸುತ್ತೀರಿ. ಆದರೆ ಬಿಳಿಗುಂಡ್ಲುವಿನ ಮಾಪನ ಕೇಂದ್ರ ಇದೇ ಆಯೋಗದ್ದು ಎಂದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅಲ್ಲಿ ಯಾರೋ ಹೊಳೆಗಿಳಿದು ನೀರಿನ ಮಟ್ಟ ನೋಡಿ ಬರೆದುಕೊಳ್ಳಬೇಕು. ಆ ಅಂಕಿ ಮೇಲೆ ಬರಬೇಕು, ಎರಡು ರಾಜ್ಯಗಳ ಅಧಿಕಾರಿಗಳು ಅದನ್ನು ಒಪ್ಪಬೇಕು ಇಲ್ಲವೇ ತಕರಾರು ತೆಗೆಯಬೇಕು. ಆಮೇಲಷ್ಟೇ ತೀರ್ಪಿಗೆ ಕೈಕಾಲು ಬರುವುದು. ಅದೇ ವರ್ಷ ಜೂನ್ 1ರಂದು ಕಾವೇರಿ ಪ್ರಾಧಿಕಾರ ಹುಟ್ಟಿದಾಗ ಅದರ ಹೆಚ್ಚುವರಿ ಹೊಣೆ ಹೊತ್ತವರೂ ಜಲ ಆಯೋಗದ ಅಧ್ಯಕ್ಷರೇ. ಸಾರ್ವಜನಿಕ ಆಡಳಿತ ಎಂದರೆ ವುಡ್ರೋ ವಿಲ್ಸನ್ 1887ರಲ್ಲಿ ಬರೆದ ಪ್ರಬಂಧವೂ ಹೌದು, ಓದಿ. ಆದರೆ ಒಂದು ಆದೇಶ ಹೊರಟ ಮೇಜಿನಿಂದ ಕೊನೆಯ ನಾಲೆಯ ತೂಬಿನವರೆಗೆ ಹೇಗೆ ಹೋಗುತ್ತದೆ, ನಡುವೆ ಎಲ್ಲಿ ಕೂತುಬಿಡುತ್ತದೆ ಎಂದು ಕಂಡುಕೊಳ್ಳದವನು ಆ ಶಾಸ್ತ್ರದ ಹೊಸಿಲನ್ನೂ ದಾಟಿಲ್ಲ.

ಇನ್ನೊಂದು ಸಂಗತಿ ನಮ್ಮವರಿಗೇ ಮರೆತುಹೋಗಿದೆ. ಭಾರತದ ಆಡಳಿತವನ್ನು ರಿಪೇರಿ ಮಾಡಲು ಕೇಂದ್ರ ನೇಮಿಸಿದ ಎರಡು ಆಯೋಗಗಳಿಗೂ ಕನ್ನಡಿಗರ ನಂಟಿದೆ. 1966ರ ಆಡಳಿತ ಸುಧಾರಣಾ ಆಯೋಗ ಶುರುವಾದದ್ದು ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯಲ್ಲಿ. ಅವರು ಉಪಪ್ರಧಾನಿಯಾದ ಮೇಲೆ ಅದನ್ನು ಮುಂದಕ್ಕೆ ಕೊಂಡೊಯ್ದವರು ಕೆಂಗಲ್ ಹನುಮಂತಯ್ಯ. ವಿಧಾನಸೌಧ ಕಟ್ಟಿಸಿದವರು ಎಂದಷ್ಟೇ ನಾವು ಅವರನ್ನು ನೆನೆಯುತ್ತೇವೆ. ಎರಡನೆಯ ಆಯೋಗ 2005ರಲ್ಲಿ, ವೀರಪ್ಪ ಮೊಯ್ಲಿ ಅಧ್ಯಕ್ಷತೆಯಲ್ಲಿ. ಮೊದಲನೆಯದು 20 ವರದಿ ಕೊಟ್ಟಿತು, ಎರಡನೆಯದು 15. ಕೋಚಿಂಗ್ ನೋಟ್ಸ್‌ನಲ್ಲಿ ಇವೆಲ್ಲ ನಾಲ್ಕು ಸಾಲಿಗೆ ಇಳಿದುಬಿಟ್ಟಿವೆ. ಆ ನಾಲ್ಕು ಸಾಲು ಬೇಡ. ಒಂದೇ ಒಂದು ವರದಿ ತೆಗೆದುಕೊಳ್ಳಿ, ಮಾಹಿತಿ ಹಕ್ಕಿನ ಮೇಲೆ 2006ರಲ್ಲಿ ಬಂದದ್ದಾದರೂ ಸರಿ. ಅದರ ಒಂದು ಶಿಫಾರಸನ್ನು ಹಿಡಿದು, ಅದು ನಿಮ್ಮ ತಾಲ್ಲೂಕು ಕಚೇರಿಯ ತನಕ ಬಂತೋ ಇಲ್ಲವೋ ಎಂದು ಬೆನ್ನು ಹತ್ತಿ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಪಿಂಚಣಿ ಅರ್ಜಿಯನ್ನು ನೀವೇ ಕೊಂಡೊಯ್ದು ಸರದಿಯಲ್ಲಿ ನಿಲ್ಲಿ. 2012ರಲ್ಲಿ ಜಾರಿಗೆ ಬಂದ ಸಕಾಲದ ಸಂಖ್ಯೆ ಕೇಳಿ ಪಡೆಯಿರಿ, ಗಡುವು ಮೀರಿದರೆ ಮೇಲ್ಮನವಿ ಹಾಕಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಎಂದು ಕಾನೂನಿನಲ್ಲಿದೆ. ಅದನ್ನು ಕೇಳಿ ಪಡೆದವರು ನಿಮ್ಮ ಊರಲ್ಲಿ ಯಾರಾದರೂ ಇದ್ದಾರೆಯೇ ಎಂದು ಹುಡುಕಿ ನೋಡಿ. ಪ್ರಬಂಧಕ್ಕೆ ವಿಷಯ ತಾನಾಗಿ ಸಿಗುತ್ತದೆ.

ಸಮಾಜಕಾರ್ಯ ಓದುವವರಿಗೆ ನನ್ನ ಮಾತು ಇದರ ತಿರುವುಮುರುವು. ನಿಮಗೆ ವಾರದಲ್ಲಿ ಕ್ಷೇತ್ರಕಾರ್ಯದ ದಿನಗಳಿರುತ್ತವೆ. ಹಾಸ್ಟೆಲ್ ಕೋಣೆಯಲ್ಲಿ ಕೂತು ಕ್ಷೇತ್ರ ದಿನಚರಿ ಬರೆಯುವ ಕಲೆಯೂ ಇದೆ ಎಂದು ಕೇಳಿದ್ದೇನೆ, ಆ ಕಲೆ ನಿಮಗೆ ಬಾರದಿರಲಿ. ಇದೇ ಆರ್.ಕೆ.ಪುರಂನಲ್ಲಿ ಅಂಬೇಡ್ಕರ್ ಬಸ್ತಿ ಇದೆ, ದೂರ ಹೋಗಬೇಕಾಗಿಲ್ಲ. ಆದರೆ ಅಷ್ಟಕ್ಕೇ ನಿಲ್ಲಬೇಡಿ, ಕಡತ ಓದುವುದನ್ನೂ ಕಲಿಯಿರಿ. ಎಡಕ್ಕೆ ಹಸಿರು ಹಾಳೆಯ ಟಿಪ್ಪಣಿ, ಬಲಕ್ಕೆ ಪತ್ರವ್ಯವಹಾರ. ಈಗ ಇ-ಆಫೀಸ್ ಬಂದಿದೆ, ಹಸಿರು ಹಾಳೆ ಪರದೆ ಸೇರಿದೆ. ಆದರೂ ‘ದಯವಿಟ್ಟು ಚರ್ಚಿಸಿ’ ಎಂದು ಬರೆದು ಕೆಳಕ್ಕೆ ತಳ್ಳುವ ವಿದ್ಯೆ ಹಾಗೇ ಇದೆ. ಬಸ್ತಿಯ ನಲ್ಲಿಗೆ ನೀರು ಬಾರದ ಕಾರಣ ಎಷ್ಟೋ ಸಲ ಆ ಎರಡು ಪದಗಳಲ್ಲಿರುತ್ತದೆ. ಮರುಕ ಒಂದನ್ನೇ ಹೊತ್ತು ಹೋದವರಿಗೆ ಅದು ಕಾಣಿಸುವುದಿಲ್ಲ.

ಎರಡನ್ನೂ ಬಲ್ಲವರು ಹೇಗಿರುತ್ತಾರೆ ಎಂದರೆ ನಾನು ಡಾ. ಎಚ್. ಸುದರ್ಶನ್ ಅವರ ಕಡೆ ಬೆರಳು ತೋರುತ್ತೇನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ವೈದ್ಯರು. 1994ರಲ್ಲಿ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು. ಹಾರ ಹಾಕಿಸಿಕೊಂಡು ಬೆಟ್ಟದಲ್ಲೇ ಇರಬಹುದಿತ್ತು. ಬದಲಿಗೆ ಅವರ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಸರ್ಕಾರದಿಂದ ನಡೆಸಲು ವಹಿಸಿಕೊಂಡಿತು. ಮುಂದೆ ಅವರು ರಾಜ್ಯದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾಗಿ 2001ರಲ್ಲಿ ವರದಿ ಕೊಟ್ಟರು. ಲೋಕಾಯುಕ್ತದಲ್ಲಿ ಕೂತು ಆರೋಗ್ಯ ಇಲಾಖೆಯ ಭ್ರಷ್ಟಾಚಾರವನ್ನೂ ಕೆದಕಿದರು. ಸರ್ಕಾರದ ಆಸ್ಪತ್ರೆಯನ್ನು ಸಂಸ್ಥೆಗೆ ಒಪ್ಪಿಸುವುದು ಸರಿಯೇ ಎಂಬ ವಾದ ಇದೆ, ನನಗೂ ಅದರಲ್ಲಿ ಅನುಮಾನಗಳಿವೆ. ಆದರೆ ಔಷಧಿ ಯಾಕೆ ಬಂದಿಲ್ಲ ಎಂಬ ಪ್ರಶ್ನೆಯನ್ನು ಸೋಲಿಗರ ಹಾಡಿಯಿಂದ ಇಲಾಖೆಯ ಮೇಜಿನ ತನಕ ಹಿಂಬಾಲಿಸಿದ ಆ ಹಟ ನಿಮ್ಮ ಎರಡೂ ತರಗತಿಗಳ ಪಠ್ಯವಾಗಬೇಕು.

ಕಲಿಯಲು ದೆಹಲಿಗೇ ಬರಬೇಕೆಂದಿಲ್ಲ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ವಿಶ್ವವಿದ್ಯಾಲಯ ಇದೆ. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ದೆಹಲಿಗೆ ಬಂದವರು ಇಂದ್ರಪ್ರಸ್ಥ ಎಸ್ಟೇಟ್‌ನ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆಯ ಗ್ರಂಥಾಲಯಕ್ಕೆ ಒಮ್ಮೆಯಾದರೂ ಹೋಗಿ ಬನ್ನಿ. 1954ರಲ್ಲಿ ಶುರುವಾದ ಸಂಸ್ಥೆ ಅದು.

ಇನ್ನು ಆ ಯುಪಿಎಸ್‌ಸಿ ಪರೀಕ್ಷೆ. ಬರೆಯಿರಿ, ಬೇಡ ಎನ್ನುವುದಿಲ್ಲ. ಅರ್ಜಿಗಳು ಹತ್ತು ಲಕ್ಷದ ಆಸುಪಾಸು, ಹುದ್ದೆಗಳು ಸಾವಿರದ ಆಸುಪಾಸು. ಸಾಮಾನ್ಯ ವರ್ಗದವರಿಗೆ ಆರು ಸಲ, 32 ವರ್ಷದ ತನಕ ಅವಕಾಶ ಇದೆ. ಇದೆ ಎಂಬ ಕಾರಣಕ್ಕೇ ಆರೂ ಸಲ ಕೂರಬೇಕೆಂದಿಲ್ಲ. ಮುನಿರ್ಕಾದ ಬೆಳಕಿಲ್ಲದ ಕೋಣೆಗಳಲ್ಲಿ ಮೂವತ್ತು ದಾಟಿದ ಜಾಣರನ್ನು ನಾನು ಬಹಳ ಕಂಡಿದ್ದೇನೆ. ಅವರಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಕೆಲಸ ಕೆಳಗಿನದಾಗಿ ಕಾಣುತ್ತದೆ. ಒಂದು ಗ್ರಾಮ ಪಂಚಾಯಿತಿಯ ಜನಕ್ಕೆ ಸರ್ಕಾರ ಎಂದರೆ ಆ ಅಧಿಕಾರಿಯ ಮುಖವೇ, ದೆಹಲಿಯ ಯಾವ ಕಾರ್ಯದರ್ಶಿಯದೂ ಅಲ್ಲ. ಎಷ್ಟು ಸಲ ಬರೆಯುತ್ತೀರಿ, ಯಾವ ವರ್ಷ ನಿಲ್ಲಿಸುತ್ತೀರಿ ಎಂಬುದನ್ನು ಮೊದಲ ಅರ್ಜಿ ಹಾಕುವ ಮುಂಚೆಯೇ ನಿಶ್ಚಯಿಸಿ, ತಿಂಗಳು ತಿಂಗಳು ಹಣ ಕಳಿಸುವ ಅಪ್ಪನಿಗೆ ಫೋನು ಮಾಡಿ ಹೇಳಿಬಿಡಿ.